ಒಂದೂ ಸೋಲಿಲ್ಲದೆ 94 ಅಂಕ: ಪಾರ್ಮಾದ ಸೀರಿ ಡಿ ವರ್ಷವನ್ನು ಎಷ್ಟು ಹೊಗಳಬೇಕು?

ಆಫ್‌ಸೈಡ್ ರಾಯರು

ಫುಟ್‌ಬಾಲಿನ ಸೋಲಿಲ್ಲದ ಋತುಗಳ ಮಾತು ಬಂದಾಗಲೆಲ್ಲ ಈ ವೇದಿಕೆಯಲ್ಲಿ ಅದೇ ಮೂರು ಹೆಸರು ಬರುತ್ತವೆ: 1991-92ರ ಮಿಲಾನ್, 2003-04ರ ಆರ್ಸೆನಲ್, 2011-12ರ ಯುವೆಂಟಸ್. 2015-16ರ ಪಾರ್ಮಾವನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. 38 ಪಂದ್ಯ, 28 ಗೆಲುವು, 10 ಡ್ರಾ, 94 ಅಂಕ, ಸೋಲು ಸೊನ್ನೆ. ಆಡಿದ್ದು ಸೀರಿ ಡಿಯಲ್ಲಿ, ಇಟಲಿಯ ನಾಲ್ಕನೇ ದರ್ಜೆಯಲ್ಲಿ ಎಂಬುದೊಂದೇ ಅದರ ತಪ್ಪು. ದಾಖಲೆಗಳ ಪ್ರಕಾರ ಅದು ಹವ್ಯಾಸಿಗಳ ಲೀಗ್. ನನ್ನನ್ನು ಕೇಳಿದರೆ ಇಟಲಿಯ ಕೆಳ ದರ್ಜೆಗಳಲ್ಲಿ ನಮ್ಮ ಕಾಲದಲ್ಲಿ ನಡೆದ ಅತಿ ದೊಡ್ಡ ಋತು ಅದೇ.

ಹಿನ್ನೆಲೆ ತಿಳಿಯದವರಿಗೆ ಸ್ವಲ್ಪ ಹೇಳುತ್ತೇನೆ. ತೊಂಬತ್ತರ ದಶಕದ ಪಾರ್ಮಾ ಯುರೋಪಿನ ದೊಡ್ಡ ತಂಡಗಳಲ್ಲಿ ಒಂದು. 1993ರಲ್ಲಿ ಕಪ್ ವಿನ್ನರ್ಸ್ ಕಪ್, 1995 ಮತ್ತು 1999ರಲ್ಲಿ ಯುಇಎಫ್‌ಎ ಕಪ್. ಬುಫಾನ್, ತುರಾಂ, ಕನ್ನವಾರೊ, ಕ್ರೆಸ್ಪೊ ಎಲ್ಲರೂ ಅಲ್ಲಿ ಆಡಿದವರೇ. ಹಣ ಬರುತ್ತಿದ್ದುದು ಹಾಲಿನ ಕಂಪನಿ ಪಾರ್ಮಾಲಾಟ್‌ನಿಂದ. ಆ ಕಂಪನಿ 2003ರ ಕೊನೆಯಲ್ಲಿ ಕುಸಿದುಬಿದ್ದಾಗ ಕ್ಲಬ್ಬಿಗೂ ಮೊದಲ ಪೆಟ್ಟು ಬಿತ್ತು. ಹೇಗೋ ಎದ್ದು ನಿಂತಿತು. 2014ರಲ್ಲಿ ಸೀರಿ ಎಯಲ್ಲಿ, ಅಂದರೆ ಮೊದಲ ದರ್ಜೆಯಲ್ಲಿ, ಆರನೇ ಸ್ಥಾನವನ್ನೂ ಪಡೆಯಿತು. ಆದರೆ ಸುಮಾರು ಮೂರು ಲಕ್ಷ ಯೂರೊ ತೆರಿಗೆ ಬಾಕಿ ಇದ್ದುದರಿಂದ ಯುರೋಪಾ ಲೀಗ್ ಪರವಾನಗಿ ಸಿಗದೆ, ಆ ಜಾಗ ಟೊರಿನೊ ಪಾಲಾಯಿತು. ಅಲ್ಲಿಂದ ಶುರುವಾದ ಜಾರುವಿಕೆ ನಿಲ್ಲಲಿಲ್ಲ. ಕ್ಲಬ್ ಒಂದು ಯೂರೊಗೆ ಕೈ ಬದಲಾಯಿತು, ಕೆಲವೇ ವಾರಗಳಲ್ಲಿ ಮತ್ತೊಮ್ಮೆ ಒಂದು ಯೂರೊಗೇ ಕೈ ಬದಲಾಯಿತು. ಆಟಗಾರರಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ. 2015ರ ಫೆಬ್ರವರಿ 22ರಂದು ಉದಿನೇಸೆ ವಿರುದ್ಧ ಆಡಬೇಕಿದ್ದ ಪಂದ್ಯ ನಡೆಯಲೇ ಇಲ್ಲ, ಏಕೆಂದರೆ ಕ್ರೀಡಾಂಗಣದ ಕಾವಲಿನವರಿಗೆ ಕೊಡಲು ದುಡ್ಡಿರಲಿಲ್ಲ. ಅಭಿಮಾನಿಗಳು ತಾರ್ದಿನಿ ಕ್ರೀಡಾಂಗಣದ ಗೇಟಿಗೆ "ದರೋಡೆಯ ಕಾರಣ ಮುಚ್ಚಲಾಗಿದೆ" ಎಂಬ ಫಲಕ ತೂಗುಹಾಕಿದರು. ಮಾರ್ಚ್ 18ರಂದು ಕೊನೆಯ ಮಾಲೀಕನ ಬಂಧನ, 19ರಂದು ನ್ಯಾಯಾಲಯದಿಂದ ದಿವಾಳಿ ಘೋಷಣೆ. ಒಟ್ಟು ಸಾಲ ಸುಮಾರು 21.8 ಕೋಟಿ ಯೂರೊ.

ಇಷ್ಟಾದರೂ ಆ ತಂಡ ಏಪ್ರಿಲ್ 11ರಂದು ಯುವೆಂಟಸನ್ನು 1-0ಯಿಂದ ಸೋಲಿಸಿತು. ಅದೇ ಯುವೆಂಟಸ್ ಎರಡು ತಿಂಗಳ ಬಳಿಕ ಚಾಂಪಿಯನ್ಸ್ ಲೀಗ್ ಫೈನಲ್ ಆಡಿತು.

ಬೇಸಿಗೆಯಲ್ಲಿ ಹೊಸ ಕ್ಲಬ್ ಹುಟ್ಟಿತು, ಪಾರ್ಮಾ ಕಾಲ್ಚೊ 1913 ಎಂಬ ಹೆಸರಿನಲ್ಲಿ. ಅಧ್ಯಕ್ಷರು ನೆವಿಯೊ ಸ್ಕಾಲಾ, ಕೋಚ್ ಲುಯಿಜಿ ಅಪೊಲ್ಲೋನಿ, ಆಟಗಾರರನ್ನು ಆರಿಸುವ ಹೊಣೆ ಲೊರೆಂಜೊ ಮಿನೊಟ್ಟಿ ಅವರದು. 1993ರ ಮೇ 12ರಂದು ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ಆಂಟ್‌ವರ್ಪ್ ತಂಡವನ್ನು 3-1ರಿಂದ ಸೋಲಿಸಿದಾಗ ಸ್ಕಾಲಾ ಕೋಚ್ ಆಗಿದ್ದರು, ಅಪೊಲ್ಲೋನಿ ರಕ್ಷಣೆಯಲ್ಲಿದ್ದರು, ನಾಯಕ ಮಿನೊಟ್ಟಿ ಮೊದಲ ಗೋಲು ಹೊಡೆದಿದ್ದರು. ಆ ಮೂವರೂ ಈಗ ಹಳ್ಳಿ ಮೈದಾನಗಳ ಲೀಗ್‌ಗೆ ಇಳಿದು ಬಂದರು. ಸೀರಿ ಎ ತಂಡದ ನಾಯಕ ಅಲೆಸ್ಸಾಂಡ್ರೊ ಲುಕರೆಲ್ಲಿ, ಆಗ 38ರ ವಯಸ್ಸು, ಎಲ್ಲರೂ ಬಿಟ್ಟು ಹೋದಾಗ ಉಳಿದುಕೊಂಡರು. 9 ಸಾವಿರಕ್ಕೂ ಹೆಚ್ಚು ಸೀಸನ್ ಟಿಕೆಟ್ ಮಾರಾಟವಾದವು, ಸೀರಿ ಡಿಯ ಹಿಂದಿನ ದಾಖಲೆಯ ಎರಡು ಪಟ್ಟಿಗೂ ಮೀರಿ.

2016ರ ಏಪ್ರಿಲ್ 17ರಂದು ಡೆಲ್ಟಾ ರೊವಿಗೊ ವಿರುದ್ಧ 2-1 ಗೆಲುವು. ಮೂರು ಪಂದ್ಯ ಬಾಕಿ ಇರುವಾಗಲೇ ಬಡ್ತಿ ಖಚಿತವಾಯಿತು. ಇದಕ್ಕಿಂತ ಹೆಚ್ಚಿನದು ಏನು ಬೇಕು, ಹೇಳಿ.

ತುದಿಬೆಂಚು

ರಾಯರೇ, ಒಂದು ಸಂಶಯ. ದಿವಾಳಿಯಾದ ವರ್ಷ ಪಾರ್ಮಾ ಸೀರಿ ಎಯಲ್ಲಿ ಕೊನೆಯ ಸ್ಥಾನದಲ್ಲಿತ್ತು. ಹಾಗಾದರೆ ಸೀರಿ ಬಿಗೆ ಇಳಿಯಬೇಕಿತ್ತಲ್ಲವೇ? ನೇರವಾಗಿ ನಾಲ್ಕನೇ ದರ್ಜೆಗೆ ಹೇಗೆ ಬಿತ್ತು? ನಾಪೊಲಿ ದಿವಾಳಿಯಾದಾಗ ಮೂರನೇ ದರ್ಜೆಯಲ್ಲಿ ಆಡಿತ್ತು ಎಂದು ಓದಿದ ನೆನಪು.

ಲೆಕ್ಕಿಗ

ನೆನಪು ಸರಿಯಾಗಿಯೇ ಇದೆ. ಕಾಲ ಬದಲಾದಂತೆ ನಿಯಮವೂ ಬದಲಾಗಿತ್ತು, ಅಷ್ಟೇ.

2002ರಲ್ಲಿ ಫಿಯೊರೆಂಟಿನಾ ಮುಳುಗಿದಾಗ ಫ್ಲೊರೆಂಟಿಯಾ ವಿಯೊಲಾ ಎಂಬ ಹೊಸ ಹೆಸರಿನಲ್ಲಿ ಸಿ2ರಲ್ಲಿ ಜಾಗ ಕೊಟ್ಟರು. ಆಗಿನ ಲೆಕ್ಕದಲ್ಲಿ ಅದೂ ನಾಲ್ಕನೇ ದರ್ಜೆಯೇ, ಆದರೆ ವೃತ್ತಿಪರರದು. ಅದೇ ವರ್ಷ ವಿಶ್ವಕಪ್ ಆಡಿ ಬಂದಿದ್ದ ಆಂಜೆಲೊ ಡಿ ಲಿವಿಯೊ ತಂಡ ಬಿಡದೆ ಸಿ2ರಲ್ಲಿ ಆಡಿದರು. ಲುಕರೆಲ್ಲಿ ಅವರನ್ನು ಕೊಂಡಾಡುವವರು ಇವರನ್ನೂ ನೆನೆಯಬೇಕು. ಆದರೆ ಸಿ2 ಗೆದ್ದ ಮೇಲೆ ಫಿಯೊರೆಂಟಿನಾ ಸಿ1, ಅಂದರೆ ಮೂರನೇ ದರ್ಜೆ, ಆಡಲೇ ಇಲ್ಲ. ಸೀರಿ ಬಿಯನ್ನು 24 ತಂಡಗಳಿಗೆ ಹಿಗ್ಗಿಸಿ, 'ಕ್ರೀಡಾ ಅರ್ಹತೆ' ಎಂಬ ಕಾರಣ ಕೊಟ್ಟು ಎತ್ತಿ ಕೂರಿಸಿದರು. 2004ರಲ್ಲಿ ನಾಪೊಲಿಗೆ ಸಿ1ರಲ್ಲಿ ಜಾಗ ಸಿಕ್ಕಿತು.

ಆ ಕಾಲದಲ್ಲಿ 'ಲೋದೊ ಪೆಟ್ರುಚ್ಚಿ' ಎಂಬ ವ್ಯವಸ್ಥೆ ಬಂತು: ದಿವಾಳಿಯಾದ ನಗರದ ಹೊಸ ಕ್ಲಬ್ ಒಂದೇ ದರ್ಜೆ ಕೆಳಗಿನಿಂದ ಆರಂಭಿಸಬಹುದು. ಸಾಲ ಮಾಡಿ ಮುಳುಗಿದವರಿಗೆ ಇದು ತೀರಾ ಅಗ್ಗದ ಶಿಕ್ಷೆ ಎಂದು 2014ರಲ್ಲಿ ಅದನ್ನು ತೆಗೆದುಹಾಕಿದರು. ಮರುವರ್ಷವೇ ಪಾರ್ಮಾದ ಸರದಿ. ಫೆಡರೇಷನ್ನಿನ ನಿಯಮಾವಳಿಯ 52ನೇ ಕಲಮಿನ ಪ್ರಕಾರ ಆ ನಗರಕ್ಕೆ ಸಿಕ್ಕಿದ್ದು ಸೀರಿ ಡಿ.

ಅದಕ್ಕೂ ಮೊದಲು ಸೀರಿ ಬಿ ಉಳಿಸಿಕೊಳ್ಳುವ ಒಂದು ದಾರಿ ಇತ್ತು. ಆಟಗಾರರ ಸಂಬಳ ಮುಂತಾದ ಕ್ರೀಡಾ ಸಾಲವನ್ನು ಹೊರುವ ಕೊಳ್ಳುಗ ಬೇಕಿತ್ತು. ಇಬ್ಬರು ಮುಂದೆ ಬಂದಿದ್ದರು: ಅಮೆರಿಕದ ಬೇಸ್‌ಬಾಲ್ ತಾರೆ ಮೈಕ್ ಪಿಯಾಜ್ಜಾ ಮತ್ತು ಜುಸೆಪ್ಪೆ ಕೊರ್ರಾಡೊ. 2015ರ ಜೂನ್ 22ರ ಗಡುವಿನ ಹೊತ್ತಿಗೆ ಇಬ್ಬರೂ ಹಿಂದೆ ಸರಿದರು. ಮುಂದಿನ ವರ್ಷ ಪಿಯಾಜ್ಜಾ ಕೊಂಡದ್ದು ಯಾವ ಕ್ಲಬ್ ಗೊತ್ತೇ? ಪಾರ್ಮಾದ ಬದ್ಧ ವೈರಿ ರೆಜ್ಜಾನಾ! 2018ರಲ್ಲಿ ಆ ಕ್ಲಬ್ಬೂ ಮುಳುಗಿತು. ಕೊರ್ರಾಡೊ ಪೀಸಾ ಕ್ಲಬ್ಬಿಗೆ ಹೋದರು.

ಕರಾವಳಿ ಕಾರ್ನರ್

ಈ ಕಥೆಯನ್ನು ಎಲ್ಲರೂ ಒಂದೇ ರಾಗದಲ್ಲಿ ಹಾಡುತ್ತಾರೆ. ನಾಯಕ ಉಳಿದ, ಹಳೆಯ ಹುಲಿಗಳು ಬಂದರು, ಊರು ಎದ್ದು ನಿಂತಿತು. ಒಪ್ಪುತ್ತೇನೆ, ಕೇಳಲು ಸೊಗಸಾಗಿದೆ. ಆದರೆ ರಾಯರು ಬರೆಯದೆ ಬಿಟ್ಟದ್ದು ಕೆಲವಿದೆ.

ಹೊಸ ಕ್ಲಬ್ಬಿನ ಹಿಂದೆ ನಿಂತವರು ಯಾರು? ಪಾಸ್ತಾದ ಬರಿಲ್ಲಾ, ರೇಸ್ ಕಾರುಗಳ ದಲ್ಲಾರಾ, ಕಟ್ಟಡ ನಿರ್ಮಾಣದ ಪಿಜ್ಜರೊಟ್ಟಿ ಸೇರಿದಂತೆ ಏಳು ಮಂದಿ ಉದ್ಯಮಿಗಳು. ಎದುರಾಳಿಗಳು ಯಾರು? ಲೆಂಟಿಜೋನೆ, ಮೆಜ್ಜೊಲಾರಾ, ಸಮ್ಮೌರೇಸೆ, ರಿಬೆಲ್ಲೆ. ಇವು ಊರಿನ ಅಂಗಡಿಯವರು, ಸಣ್ಣ ಕಾರ್ಖಾನೆಯವರು ಕೊಟ್ಟ ದುಡ್ಡಿನಲ್ಲಿ ನಡೆಯುವ ತಂಡಗಳು. ಬರಿಲ್ಲಾದ ಹಣವಿರುವ ತಂಡ ಇವರ ನಡುವೆ ಸೋಲಲಿಲ್ಲ ಎಂದು ಹಬ್ಬ ಮಾಡುವುದಾದರೆ, ಸೋಲದಿರುವುದು ಅವರ ಕನಿಷ್ಠ ಕರ್ತವ್ಯವಾಗಿತ್ತು ಎಂದೂ ಹೇಳಬೇಕಾಗುತ್ತದೆ.

ಇನ್ನೊಂದು ಮಾತು. ಆ 21.8 ಕೋಟಿ ಯೂರೊ ಸಾಲ ಎಲ್ಲಿಗೆ ಹೋಯಿತು? ಹಳೆಯ ಕಂಪನಿಯ ಜೊತೆಗೇ ಮಣ್ಣಾಯಿತು. ಹೊಸ ಕ್ಲಬ್ ಹೊಸ ಕಂಪನಿ. ಹಳೆಯ ಸಾಲ ಅದಕ್ಕೆ ಅಂಟುವುದಿಲ್ಲ. ಸಾಲ ಎಂದರೆ ಬರೀ ಬ್ಯಾಂಕಿನದಲ್ಲ, ಅದರಲ್ಲಿ ಕಚೇರಿ ನೌಕರರ ಸಂಬಳವೂ ಸಾಮಾನು ಒದಗಿಸಿದವರ ಬಿಲ್ಲುಗಳೂ ಇದ್ದವು. ಅಂಗಿಯ ಬಣ್ಣ ಅದೇ, ಕ್ರೀಡಾಂಗಣ ಅದೇ, ಇತಿಹಾಸದ ಕಪ್‌ಗಳೂ ತಮ್ಮವೇ ಎನ್ನುತ್ತಾರೆ, ಸಾಲ ಮಾತ್ರ ಬೇರೆಯವರದು. ಈ ಅನುಕೂಲ ನಮಗೆ ನಿಮಗೆ ಎಲ್ಲಿ ಸಿಗುತ್ತದೆ?

ಆಫ್‌ಸೈಡ್ ರಾಯರು

ಕಾರ್ನರ್ ಅವರೇ, ಹಣದ ಮಾತು ಒಪ್ಪಿದೆ. ಹಣವಿದ್ದ ಕಾರಣ ಗುಂಪು ಗೆಲ್ಲುವುದು ನಿರೀಕ್ಷಿತವೇ. ಸೋಲದೇ ಇರುವುದು ಅದರಿಂದಲೇ ಬರುವುದಿಲ್ಲ. ದುಡ್ಡು ಸುರಿದ ಎಷ್ಟು ತಂಡಗಳು ಸೀರಿ ಡಿಯಲ್ಲಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿವೆ! ಅಲ್ಲಿ ಒಂಬತ್ತು ಗುಂಪುಗಳಿವೆ. ಪ್ರತಿ ಗುಂಪಿನಲ್ಲಿ ಮೊದಲು ಬಂದ ಒಂದೇ ತಂಡಕ್ಕೆ ನೇರ ಬಡ್ತಿ. ಎರಡನೆಯವರು ಪ್ಲೇ-ಆಫ್ ಗೆದ್ದರೂ ಮೇಲಿನ ದರ್ಜೆಯಲ್ಲಿ ಯಾವುದಾದರೂ ಜಾಗ ಖಾಲಿಯಾಗಲಿ ಎಂದು ಕಾಯುತ್ತಾ ಕೂರಬೇಕು. ಆ ವರ್ಷ ಪಾರ್ಮಾದ ಗುಂಪಿನಲ್ಲಿ ಎರಡನೆಯದಾಗಿ ಬಂದ ಆಲ್ತೊವಿಚೆಂತಿನೊ ಹಾಗೆಯೇ ಉಳಿಯಿತು.

ಎದುರಾಳಿಗಳ ಕಡೆಯಿಂದಲೂ ನೋಡಿ. ಪಾರ್ಮಾ ಬರುವ ಭಾನುವಾರ ಆ ಸಣ್ಣ ಊರಿಗೆ ವರ್ಷದ ದೊಡ್ಡ ದಿನ. ಹನ್ನೊಂದು ಮಂದಿಯೂ ಗೋಲಿನ ಮುಂದೆ ಬೀಡು ಬಿಡುತ್ತಾರೆ. ವೆಂಬ್ಲಿಯಲ್ಲಿ ಗೆದ್ದ ತಂಡದಿಂದ ಒಂದು ಅಂಕ ಕಸಿದುಕೊಂಡರೆ ಮೊಮ್ಮಕ್ಕಳಿಗೆ ಹೇಳಿಕೊಳ್ಳಬಹುದು. ಆ ಹತ್ತು ಡ್ರಾಗಳನ್ನು ನಾನು ಪಾರ್ಮಾದ ಲೆಕ್ಕಕ್ಕೆ ಹಾಕುವುದಿಲ್ಲ, ಎದುರಾಳಿಗಳ ಲೆಕ್ಕಕ್ಕೇ ಹಾಕುತ್ತೇನೆ. ಉಳಿದ 28 ಸಲ ಆ ಕೋಟೆ ಒಡೆದದ್ದು ಮಾತ್ರ ಪಾರ್ಮಾದ್ದು.

ಸಾಲದ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಆ ಸಾಲ ಮಾಡಿದವರು ಬೇರೆ, ಹೊಸದಾಗಿ ಬಂದವರು ಬೇರೆ. ಹಿಂದಿನ ಆಡಳಿತ ಇನ್ನೂರಕ್ಕೂ ಹೆಚ್ಚು ಆಟಗಾರರನ್ನು ಹೆಸರಿಗೆ ಬರೆದುಕೊಂಡು ಊರೂರಿಗೆ ಎರವಲು ಕಳಿಸುತ್ತಿತ್ತು ಎಂದು ಪತ್ರಿಕೆಗಳು ಬರೆದಿದ್ದವು. ಅದರ ಪಾಪವನ್ನು ಅಪೊಲ್ಲೋನಿ ತಲೆಗೆ ಕಟ್ಟುವುದು ಯಾವ ನ್ಯಾಯ?

ಪೋ ಬಯಲು

ನಾನು ಇರುವುದು ರೆಜ್ಜೊ ಎಮಿಲಿಯಾ ಪ್ರಾಂತದಲ್ಲಿ. ಯಂತ್ರೋಪಕರಣ ಕಾರ್ಖಾನೆಯೊಂದರಲ್ಲಿ ಕೆಲಸ. ಇಲ್ಲಿನ ಸಹೋದ್ಯೋಗಿಗಳಲ್ಲಿ ಅರ್ಧ ಮಂದಿ ಈ ಊರಿನ ಕ್ಲಬ್ ರೆಜ್ಜಾನಾದ ಅಭಿಮಾನಿಗಳು, ಪಾರ್ಮಾದ ಹೆಸರೆತ್ತಿದರೆ ಮುಖ ತಿರುಗಿಸುತ್ತಾರೆ. ಆದ್ದರಿಂದ ಈ ಚರ್ಚೆಯನ್ನು ನಾನು ಸುರಕ್ಷಿತವಾಗಿ ಕನ್ನಡದಲ್ಲಿ ಮಾತ್ರ ಮಾಡಬಲ್ಲೆ.

ಸೀರಿ ಡಿ ಎಂದರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಲು ಸಹಾಯವಾಗಲಿ ಎಂದು ಬರೆಯುತ್ತೇನೆ. ಭಾನುವಾರ ಮಧ್ಯಾಹ್ನ ಎರಡೂವರೆ. ಊರಿನ ಅಂಚಿನಲ್ಲಿ ಮೈದಾನ. ಒಂದು ಬದಿಗೆ ಸಿಮೆಂಟಿನ ನಾಲ್ಕಾರು ಮೆಟ್ಟಿಲು, ಅದರ ಮೇಲೆ ತಗಡಿನ ಮಾಡು. ಉಳಿದ ಮೂರು ಬದಿಗೆ ತಂತಿ ಬಲೆ, ಆಚೆ ಉತ್ತು ಬಿಟ್ಟ ಹೊಲ. ಟಿಕೆಟ್ ಕೊಡುವವರು ಗೋಡೆಯಲ್ಲಿ ಕೊರೆದ ಕಿಂಡಿಯ ಹಿಂದೆ ಕೂತು ಪುಸ್ತಕದಿಂದ ಹರಿದು ಕೊಡುತ್ತಾರೆ. ವಿರಾಮದ ಹೊತ್ತಿಗೆ ಅದೇ ಮನುಷ್ಯ ಕ್ಯಾಂಟೀನಿನಲ್ಲಿ ಕಾಫಿ ಯಂತ್ರದ ಮುಂದೆ ಇರುತ್ತಾರೆ. ಪಾರ್ಮಾ ಕಡೆಯ ಊರಾದರೆ ತೋರ್ತಾ ಫ್ರಿತ್ತಾ ಕರಿಯುತ್ತಿರುತ್ತಾರೆ: ನಮ್ಮ ಪೂರಿಯನ್ನೇ ಚೌಕವಾಗಿ ಕತ್ತರಿಸಿ ಕರಿದಂತೆ, ಉಬ್ಬಿಕೊಂಡು ಬಿಸಿಬಿಸಿಯಾಗಿ ಬರುತ್ತದೆ. ಅದರ ಮೇಲೆ ಹಂದಿ ಮಾಂಸದ ತೆಳು ಹೋಳು ಹಾಸಿಕೊಂಡು ತಿನ್ನುತ್ತಾರೆ. ನಾನು ಬರೀ ಉಪ್ಪು ಉದುರಿಸಿಕೊಂಡು ತಿನ್ನುವುದನ್ನು ಕಂಡು ಅಜ್ಜಂದಿರು ಮರುಗುತ್ತಾರೆ.

ಡಿಸೆಂಬರ್, ಜನವರಿಯಲ್ಲಿ ಪೋ ನದಿಯ ಮಂಜು ಇಳಿದರೆ ಆಚೆ ಬದಿಯ ಗೋಲು ಕಾಣುವುದಿಲ್ಲ. ಗೋಲಾಯಿತೆಂದು ತಿಳಿಯುವುದು ಆ ತುದಿಯಲ್ಲಿ ನಿಂತವರ ಕೂಗಿನಿಂದ. ಉಳಿದಂತೆ ಎಲ್ಲವೂ ಕೇಳಿಸುತ್ತದೆ: ಕೋಚ್ ಬೈಯುವುದು, ಚೆಂಡು ಒದ್ದ ಸದ್ದು, ಗೋಲ್‌ಕೀಪರ್‌ನ ತಂದೆ ಬಲೆಯ ಹಿಂದೆ ನಿಂತು ಕೊಡುವ ಸಲಹೆ. ಲೈನ್ಸ್‌ಮನ್ ಬೆನ್ನ ಹಿಂದೆ ಒಂದು ಮೀಟರ್ ದೂರದಲ್ಲಿ ಅಜ್ಜನೊಬ್ಬ ನಿಂತು ಎರಡು ಗಂಟೆ ಕಾಲ ಒಂದೇ ಸಮನೆ ಪ್ರಾಂತ್ಯ ಭಾಷೆಯಲ್ಲಿ ಬೈಯುತ್ತಿರುತ್ತಾನೆ. ಪಂದ್ಯ ಮುಗಿದ ಮೇಲೆ ಆ ಲೈನ್ಸ್‌ಮನ್‌ಗೂ ವೈನ್ ಕೊಡಿಸುತ್ತಾನೆ.

ಇಂಥ ಜಾಗಗಳಿಗೆ ಸಾವಿರಾರು ಅಭಿಮಾನಿಗಳಿರುವ ತಂಡ ಬರುವುದೆಂದರೆ ಸುಲಭವಲ್ಲ. ಪೊಲೀಸ್ ಬಂದೋಬಸ್ತು, ಪ್ರತ್ಯೇಕ ದ್ವಾರ, ವಾಹನ ನಿಲ್ಲಿಸಲು ಜಾಗ, ಏನೂ ಇರುವುದಿಲ್ಲ. ಹಾಗೆಂದು ಯಾರೂ ಬೇಸರ ಪಟ್ಟುಕೊಳ್ಳಲಿಲ್ಲ. ಟಿಕೆಟ್ ಹಣ ಬರುತ್ತದಲ್ಲ. ಕಾರ್ನರ್ ಅವರು ಹೆಸರಿಸಿದ ಲೆಂಟಿಜೋನೆ ನಮ್ಮ ಪ್ರಾಂತದ್ದೇ. ಬ್ರೆಶೆಲ್ಲೊ ಪಟ್ಟಣಕ್ಕೆ ಸೇರಿದ ಒಂದು ಹಳ್ಳಿ, ಎನ್ಸಾ ನದಿಯ ಈ ದಡದಲ್ಲಿದೆ. ಪಾರ್ಮಾದ ಜೊತೆ ಒಂದೇ ಪಟ್ಟಿಯಲ್ಲಿ ತಮ್ಮ ಹೆಸರು ಬಂತೆಂದು ಆ ಹಳ್ಳಿಯವರು ಪತ್ರಿಕೆಯ ಆ ಪುಟವನ್ನು ಚೌಕಟ್ಟು ಹಾಕಿಸಿಟ್ಟಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ಅಂದಹಾಗೆ ಅದೇ ಗುಂಪಿನಲ್ಲಿ ಸ್ಯಾನ್ ಮರೀನೊ ತಂಡವೂ ಇತ್ತು. ಬೇರೊಂದು ದೇಶದ ಕ್ಲಬ್ ಇಟಲಿಯ ನಾಲ್ಕನೇ ದರ್ಜೆಯಲ್ಲಿ! ಪಾರ್ಮಾ ಮೂರು ಯುರೋಪಿಯನ್ ಕಪ್ ಗೆದ್ದದ್ದು ಹಳೆಯ ಮಾತು, ಆ ವರ್ಷ ಅದಕ್ಕೆ ಸಿಕ್ಕ ವಿದೇಶ ಪ್ರವಾಸ ಇದೊಂದೇ ಎಂದು ನನ್ನ ರೆಜ್ಜಾನಾ ಸಹೋದ್ಯೋಗಿಗಳು ಆಡಿಕೊಳ್ಳುತ್ತಾರೆ.

ತುದಿಬೆಂಚು

ಓದಿ ಹೊಟ್ಟೆ ಹಸಿಯಿತು. ಆದರೆ ಹವ್ಯಾಸಿಗಳ ಲೀಗ್ ಎಂದ ಮೇಲೆ ಪಾರ್ಮಾ ಬೇಕಾದ ಆಟಗಾರರನ್ನೆಲ್ಲ ಕೊಂಡುತಂದು ತುಂಬಿಕೊಳ್ಳಬಹುದಿತ್ತೇ? ತಡೆಯೇನೂ ಇಲ್ಲವೇ?

ಲೆಕ್ಕಿಗ

ತಡೆ ಇದೆ. ಸೀರಿ ಡಿಯ ಅರ್ಧ ರಾಜಕೀಯ ಅದರ ಸುತ್ತಲೇ ಇದೆ. ಪಂದ್ಯದ ಮೊದಲ ನಿಮಿಷದಿಂದ ಕೊನೆಯವರೆಗೂ ನಿಗದಿತ ಸಂಖ್ಯೆಯ ಎಳೆಯರು ಅಂಗಳದಲ್ಲಿ ಇರಲೇಬೇಕು. ಆ ವರ್ಷ ಕನಿಷ್ಠ ನಾಲ್ವರು. ಬರೀ ವಯಸ್ಸಿನ ಮಿತಿಯಲ್ಲ, ಯಾವ ಇಸವಿಯಲ್ಲಿ ಹುಟ್ಟಿದವರು ಎಷ್ಟು ಮಂದಿ ಎಂಬುದೂ ನಿಗದಿ. ಒಬ್ಬನಿಗೆ ಗಾಯವಾದರೆ ಅದೇ ಇಸವಿಯವನನ್ನೋ ಇನ್ನೂ ಚಿಕ್ಕವನನ್ನೋ ಇಳಿಸಬೇಕು. ಹಾಗಾಗಿ ಬೆಂಚಿನ ಮೇಲೆ ಕೂತವರ ಜನ್ಮ ದಿನಾಂಕ ಕೋಚ್‌ಗಳಿಗೆ ಬಾಯಿಪಾಠವಾಗಿರುತ್ತದೆ.

ಬಹಳ ಕೋಚ್‌ಗಳು ಈ ಹುಡುಗರನ್ನು ಗೋಲಿನಲ್ಲಿ ಮತ್ತು ಎರಡು ಬದಿಯ ರಕ್ಷಣೆಯಲ್ಲಿ ನಿಲ್ಲಿಸಿ, ನಡುವಿನ ಸಾಲನ್ನು ಅನುಭವಿಗಳಿಗೆ ಕೊಡುತ್ತಾರೆ. ಪಾರ್ಮಾದಲ್ಲೂ ಅದೇ ನಡೆಯಿತು. ಗೋಲು ಕಾದವರಲ್ಲಿ ಲಾಟ್ವಿಯಾದ ಕ್ರಿಸ್ತಪ್ಸ್ ಜೊಮ್ಮರ್ಸ್ ಇದ್ದ, 1997ರಲ್ಲಿ ಹುಟ್ಟಿದವನು. ಅವನ ಮುಂದೆ ರಕ್ಷಣೆಯಲ್ಲಿ 1977ರ ಲುಕರೆಲ್ಲಿ. ಇಪ್ಪತ್ತು ವರ್ಷದ ಅಂತರ! 1995ರಲ್ಲಿ ಹುಟ್ಟಿದ ಪಾಸ್ಕ್ವಾಲೆ ಮಜ್ಜೋಕ್ಕಿ ಕೂಡ ಆ ತಂಡದಲ್ಲಿದ್ದ. 2022ರಲ್ಲಿ ಅವನು ಇಟಲಿ ರಾಷ್ಟ್ರೀಯ ತಂಡಕ್ಕೆ ಆಡಿದ, ಆಮೇಲೆ ನಾಪೊಲಿ ಸೇರಿದ. ಸೀರಿ ಡಿ ಅಂಗಳದಿಂದ ಅಲ್ಲಿಗೆ ತಲುಪುವವರು ತೀರಾ ವಿರಳ.

ನಿಯಮಕ್ಕೆ ಕಹಿ ಮಗ್ಗುಲೂ ಇದೆ. ಹದಿನೆಂಟರಲ್ಲಿ ಎಲ್ಲರಿಗೂ ಬೇಕಾಗಿದ್ದ ಹುಡುಗ ಇಪ್ಪತ್ತೊಂದಕ್ಕೆ ಬಂದೊಡನೆ ಯಾರಿಗೂ ಬೇಡವಾಗುತ್ತಾನೆ. ಆಟ ಕೆಟ್ಟಿರುವುದಿಲ್ಲ, ಅವನ ಇಸವಿಯ ಅವಧಿ ಮುಗಿದಿರುತ್ತದೆ. ಯುವಕರನ್ನು ಬೆಳೆಸಲು ತಂದ ನಿಯಮ ಎನ್ನುತ್ತಾರೆ; ನನಗೆ ಕಾಣುವಂತೆ ಅದು ಹುಡುಗರನ್ನು ಬಾಡಿಗೆಗೆ ಪಡೆದು ಅವಧಿ ಮುಗಿದ ಮೇಲೆ ಹಿಂತಿರುಗಿಸುವ ವ್ಯವಸ್ಥೆ.

ಕರಾವಳಿ ಕಾರ್ನರ್

ಲೆಕ್ಕಿಗರು ಅಂಕಿಗಳನ್ನು ಹಿಡಿದು ಬಂದಿರುವುದರಿಂದ ನಾನೂ ಒಂದು ಅಂಕಿ ಮುಂದಿಡುತ್ತೇನೆ: 96.

ಅದೇ 2015-16, ಅದೇ ಸೀರಿ ಡಿ, ಪಕ್ಕದ ಬಿ ಗುಂಪು. ಪಾರ್ಮಾದಿಂದ ಸುಮಾರು 60 ಕಿಲೋಮೀಟರ್ ದೂರದ ಪಿಯಾಚೆಂಜಾ 96 ಅಂಕ ಗಳಿಸಿ ಗುಂಪು ಗೆದ್ದಿತು. ಪಾರ್ಮಾಕ್ಕಿಂತ ಎರಡು ಹೆಚ್ಚು. ಪಿಯಾಚೆಂಜಾದ ಕಥೆಯೂ ಸಣ್ಣದೇನಲ್ಲ. ತೊಂಬತ್ತರ ದಶಕದಲ್ಲಿ ಸೀರಿ ಎಯಲ್ಲಿ ಬರೀ ಇಟಾಲಿಯನ್ನರನ್ನೇ ಇಟ್ಟುಕೊಂಡು ಆಡಿದ ತಂಡ ಅದು. ಫಿಲಿಪ್ಪೊ ಮತ್ತು ಸಿಮೋನೆ ಇಂಜಾಗಿ ಸಹೋದರರ ಊರು. 2012ರಲ್ಲಿ ದಿವಾಳಿಯಾಯಿತು. ಅದಕ್ಕೆ ಯಾರೂ ಸೀರಿ ಡಿಯ ಕೋಟಾ ಕೊಡಲಿಲ್ಲ. ಹೊಸ ತಂಡ ಅದಕ್ಕೂ ಕೆಳಗಿನ ಎಚ್ಚೆಲೆಂಜಾದಲ್ಲಿ, ಪ್ರಾದೇಶಿಕ ಲೀಗ್‌ನಲ್ಲಿ ಆರಂಭಿಸಿ ಮೇಲೆ ಬಂತು. ವೆಂಬ್ಲಿಯ ನೆನಪಿಲ್ಲ, ಬರಿಲ್ಲಾ ಇಲ್ಲ, ವಿದೇಶಿ ಪತ್ರಕರ್ತರು ಬರಲಿಲ್ಲ. ಪಾರ್ಮಾದ 94ಕ್ಕೆ ಸಾಕ್ಷ್ಯಚಿತ್ರ ಬೇಕು ಎನ್ನುವವರು ಈ 96ಕ್ಕೆ ಒಂದು ಸಾಲನ್ನಾದರೂ ಬರೆಯಲಿ.

ಆ ವರ್ಷದ ಒಂಬತ್ತು ವಿಜೇತರ ಪಟ್ಟಿಯನ್ನು ಒಮ್ಮೆ ನೋಡಿ: ಬೆಲ್ಲಿಂಜಾಗೊ, ಪಿಯಾಚೆಂಜಾ, ವೆನೇಜಿಯಾ, ಪಾರ್ಮಾ, ಗುಬ್ಬಿಯೊ, ಸಾಂಬೆನೆದೆತ್ತೇಸೆ, ವಿತೆರ್ಬೇಸೆ, ಫ್ರಾಂಕವಿಲ್ಲಾ, ಸಿರಾಕೂಸಾ. ಇವರಲ್ಲಿ ನನ್ನ ಮೆಚ್ಚಿನವರು ಮೊದಲನೆಯವರು. ನೊವಾರಾ ಪ್ರಾಂತದ ಸಣ್ಣ ಪಟ್ಟಣ ಬೆಲ್ಲಿಂಜಾಗೊ ಎ ಗುಂಪನ್ನು ಗೆದ್ದಿತು. ಗೆದ್ದ ಮೇಲೆ ಲೆಗಾ ಪ್ರೊಗೆ (ಆಗಿನ ಮೂರನೇ ದರ್ಜೆ) ಹೆಸರನ್ನೇ ನೋಂದಾಯಿಸಲಿಲ್ಲ! ಕೆಳ ದರ್ಜೆಯ ಫುಟ್‌ಬಾಲಿನ ನಿಜವಾದ ಮುಖ ಅದು.

ಪೋ ಬಯಲು

ಬೆಲ್ಲಿಂಜಾಗೊ ಮಾತು ಎತ್ತಿದ್ದು ಒಳ್ಳೆಯದಾಯಿತು. ಡಿಯಿಂದ ಮೇಲಿನ ದರ್ಜೆಗೆ ಹೋಗುವುದೆಂದರೆ ಒಂದೇ ರಾತ್ರಿಯಲ್ಲಿ ವೃತ್ತಿಪರರಾಗುವುದು. ಬ್ಯಾಂಕ್ ಖಾತರಿ ಕೊಡಬೇಕು, ಆಟಗಾರರಿಗೆ ವೃತ್ತಿಪರ ಕರಾರು, ಅದರ ಮೇಲೆ ಭವಿಷ್ಯನಿಧಿ, ತೆರಿಗೆ. ಹೊನಲು ಬೆಳಕಿನ ದೀಪಗಳಿರುವ, ಆಸನ ಸಂಖ್ಯೆ ಸರಿಯಿರುವ ಕ್ರೀಡಾಂಗಣ ಬೇಕು. ಆದಾಯ ಮಾತ್ರ ಅಷ್ಟಕ್ಕಷ್ಟೇ. ಸೀರಿ ಸಿಯಲ್ಲಿ (ಲೆಗಾ ಪ್ರೊದ ಈಗಿನ ಹೆಸರು) ಕ್ಲಬ್‌ಗಳು ಪಟಪಟನೆ ಉದುರುವುದಕ್ಕೆ ಇದೇ ಕಾರಣ. ನಮ್ಮ ಪಕ್ಕದ ಮೊಡೆನಾವನ್ನೇ ನೋಡಿ: 2017ರ ನವೆಂಬರಿನಲ್ಲಿ, ನಾಲ್ಕನೇ ಪಂದ್ಯವನ್ನು ಆಡದೆ ಬಿಟ್ಟುಕೊಟ್ಟಾಗ, ಲೀಗ್‌ನಿಂದಲೇ ಹೊರಬಿತ್ತು.

2019ರ ಫೆಬ್ರವರಿ 17ರ ಪಂದ್ಯ ಇನ್ನೂ ವಿಚಿತ್ರ. ಪ್ರೊ ಪಿಯಾಚೆಂಜಾ ಎಂಬ ತಂಡ (ಕಾರ್ನರ್ ಅವರು ಹೇಳಿದ ಪಿಯಾಚೆಂಜಾ ಬೇರೆ, ಇದು ಅದೇ ಊರಿನ ಮತ್ತೊಂದು ಕ್ಲಬ್) ಸಂಬಳ ಕೊಡಲಾಗದೆ ಆಟಗಾರರನ್ನೆಲ್ಲ ಕಳೆದುಕೊಂಡಿತ್ತು. ಮೂರು ಪಂದ್ಯ ಆಗಲೇ ಬಿಟ್ಟುಕೊಟ್ಟಿದ್ದರು, ಮತ್ತೊಂದಕ್ಕೆ ಗೈರಾದರೆ ಹೊರಹಾಕುತ್ತಿದ್ದರು. ಅದಕ್ಕಾಗಿ ಕೂನೆಯೊ ತಂಡದ ವಿರುದ್ಧ ಏಳು ಹುಡುಗರನ್ನು ಇಳಿಸಿದರು. ಆಮೇಲೆ ತಂಡದ ಮಸಾಜಿನವರೂ ಅಂಗಿ ತೊಟ್ಟು ಆಡಿದರು. ವಿರಾಮಕ್ಕೆ 16-0, ಕೊನೆಗೆ 20-0. ಮರುದಿನವೇ ಫೆಡರೇಷನ್ ಆ ಕ್ಲಬ್ಬನ್ನು ಹೊರಹಾಕಿತು.

ನಿರ್ವಾಹಕ

20-0 ಬಗ್ಗೆ ಖಾಸಗಿ ಸಂದೇಶಗಳಲ್ಲಿ ಆಗಲೇ ಜಗಳ ಶುರುವಾಗಿದೆಯೆಂದು ತಿಳಿಯಿತು. ಅದಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಪಾರ್ಮಾ ಮತ್ತು ಆ ಋತುವಿನ ಮಾತು ಮುಂದುವರಿಯಲಿ.

ಆಫ್‌ಸೈಡ್ ರಾಯರು

ಪಿಯಾಚೆಂಜಾದ 96 ಅಂಕಕ್ಕೆ ನನ್ನದೂ ಚಪ್ಪಾಳೆ. ಆದರೆ ಆ ಋತುವನ್ನು ನಾನು ದೊಡ್ಡದೆನ್ನುವುದು 94 ಅಂಕದ ಕಾರಣಕ್ಕೆ ಮಾತ್ರವಲ್ಲ. ಮುಂದೇನಾಯಿತು ಎಂಬುದನ್ನೂ ಸೇರಿಸಿ ನೋಡಬೇಕು.

2016-17ರಲ್ಲಿ ಲೆಗಾ ಪ್ರೊ. ಅಲ್ಲಿ ಆಟ ಸಲೀಸಾಗಿರಲಿಲ್ಲ. ನವೆಂಬರಿನಲ್ಲಿ ಅಪೊಲ್ಲೋನಿ, ಮಿನೊಟ್ಟಿ ಇಬ್ಬರನ್ನೂ ಕಳಿಸಿದರು, ಸ್ಕಾಲಾ ಅಧ್ಯಕ್ಷ ಸ್ಥಾನ ಬಿಟ್ಟರು. ವೆಂಬ್ಲಿಯ ಮೂವರು ಒಟ್ಟಿಗೇ ಹೊರನಡೆದರು. ಈ ಭಾಗವನ್ನು ಹೊಗಳುಭಟ್ಟರು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ರೊಬೆರ್ತೊ ದಾವೆರ್ಸಾ ಕೋಚ್ ಆದರು. ಫಿಲಿಪ್ಪೊ ಇಂಜಾಗಿ ಕೋಚ್ ಆಗಿದ್ದ ವೆನೇಜಿಯಾ ಗುಂಪು ಗೆದ್ದಿತು, ಪಾರ್ಮಾ ಎರಡನೆಯದು. ಪ್ಲೇ-ಆಫ್ ದಾಟಿ 2017ರ ಜೂನ್ 17ರಂದು ಫ್ಲಾರೆನ್ಸ್‌ನಲ್ಲಿ ಫೈನಲ್. ಅಲೆಸ್ಸಾಂಡ್ರಿಯಾ ವಿರುದ್ಧ 2-0.

2017-18ರ ಸೀರಿ ಬಿ ಕೊನೆಯ ದಿನದವರೆಗೂ ಎಳೆಯಿತು. ಮೇ 18ರಂದು ಪಾರ್ಮಾ ಸ್ಪೇಜಿಯಾದಲ್ಲಿ ಆಡುತ್ತಿತ್ತು. ಗೆದ್ದರೂ ಸಾಲದು, ಫ್ರೊಸಿನೊನೆ ತನ್ನ ಮನೆಯಲ್ಲಿ ಗೆಲ್ಲಬಾರದು. ಸ್ಪೇಜಿಯಾಕ್ಕೆ ಪೆನಾಲ್ಟಿ ಸಿಕ್ಕಿತು. ಒದೆಯಲು ಬಂದವರು ಹಿಂದೆ ಪಾರ್ಮಾದಲ್ಲೇ ಆಡಿದ್ದ ಅಲ್ಬೆರ್ತೊ ಜಿಲಾರ್ದಿನೊ. ಹೊರಗೆ ಹೊಡೆದರು. ಪಾರ್ಮಾ 2-0 ಗೆದ್ದಿತು. ಅತ್ತ ಫ್ರೊಸಿನೊನೆ 2-1 ಮುಂದಿದೆ, ಪಂದ್ಯ ಮುಗಿಯಲು ಒಂದೇ ನಿಮಿಷ. 89ನೇ ನಿಮಿಷದಲ್ಲಿ ಫೊಜ್ಜಾದ ಫ್ಲೊರಿಯಾನೊ ಸಮಬಲದ ಗೋಲು ಹೊಡೆದರು. ಅಂಕ ಸಮ, ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ಪಾರ್ಮಾ ಮೇಲು. ಸೀರಿ ಎ.

ಡಿಯಿಂದ ಎಗೆ ಮೂರೇ ವರ್ಷದಲ್ಲಿ, ಒಂದು ಮೆಟ್ಟಿಲನ್ನೂ ಹಾರದೆ. ಇಟಲಿಯಲ್ಲಿ ಇದನ್ನು ಮಾಡಿದ ಮೊದಲ ತಂಡ ಪಾರ್ಮಾ. ಫಿಯೊರೆಂಟಿನಾಕ್ಕೆ ಸಿಕ್ಕಂತೆ ಇವರಿಗೆ ಯಾರೂ ಲಿಫ್ಟ್ ಕೊಡಲಿಲ್ಲ. ನಾಲ್ಕೂ ದರ್ಜೆಗಳಲ್ಲಿ ಅದೇ ಅಂಗಿ ತೊಟ್ಟು ಆಡಿದ ಲುಕರೆಲ್ಲಿ ಅಲ್ಲಿಗೆ ನಿವೃತ್ತರಾದರು. ಅವರ 6ನೇ ಸಂಖ್ಯೆಯನ್ನು ಕ್ಲಬ್ ಮತ್ತೆ ಯಾರಿಗೂ ಕೊಡುವುದಿಲ್ಲ.

ಕರಾವಳಿ ಕಾರ್ನರ್

ಸ್ಪೇಜಿಯಾ ಪಂದ್ಯಕ್ಕೆ ಮೊದಲು ಕಳಿಸಿದ ಮೊಬೈಲ್ ಸಂದೇಶಗಳ ಮಾತನ್ನು ರಾಯರು ಮರೆತರೋ, ನುಂಗಿಕೊಂಡರೋ? ಪಾರ್ಮಾದ ಎಮಾನುಯೆಲೆ ಕಲಾಯೊ ಎದುರಾಳಿ ತಂಡದಲ್ಲಿದ್ದ ಹಳೆಯ ಗೆಳೆಯರಿಗೆ ಮೆಲ್ಲಗೆ ಆಡಿ ಎನ್ನುವಂಥ ಸಂದೇಶ ಕಳಿಸಿ ಸಿಕ್ಕಿಬಿದ್ದರು. ಜುಲೈನಲ್ಲಿ ಕಲಾಯೊಗೆ ಎರಡು ವರ್ಷ ನಿಷೇಧ, ಪಾರ್ಮಾಕ್ಕೆ ಮುಂದಿನ ಋತುವಿನಲ್ಲಿ ಐದು ಅಂಕ ಕಡಿತ.

ಲೆಕ್ಕಿಗ

ಅರ್ಧಕ್ಕೇ ನಿಲ್ಲಿಸಬೇಡಿ. ಆಗಸ್ಟಿನಲ್ಲಿ ಮೇಲ್ಮನವಿಯಲ್ಲಿ ಆ ಐದು ಅಂಕಗಳ ಕಡಿತ ರದ್ದಾಯಿತು, ಕಲಾಯೊ ನಿಷೇಧ ಆ ವರ್ಷದ ಡಿಸೆಂಬರ್ 31ಕ್ಕೆ ಇಳಿಯಿತು.

ಆಫ್‌ಸೈಡ್ ರಾಯರು

ನುಂಗಿಕೊಳ್ಳುವ ಪ್ರಶ್ನೆಯೇ ಇಲ್ಲ. ಈ ಎಳೆ 2015-16ರದು ಎಂದು ಸಂಕ್ಷಿಪ್ತವಾಗಿ ಬರೆದೆ. ಸಂದೇಶ ಕಳಿಸಿದ್ದು ಮೂರ್ಖತನ, ಶಿಕ್ಷೆಯೂ ಆಯಿತು. ಅದರಿಂದ ಎರಡು ವರ್ಷದ ಹಿಂದಿನ 38 ಪಂದ್ಯಗಳು ಅಳಿಸಿಹೋಗುತ್ತವೆಯೇ?

ತುದಿಬೆಂಚು

ನನ್ನ ಕೊನೆಯ ಪ್ರಶ್ನೆ. 94ರವರು, 96ರವರು ಇಬ್ಬರೂ ಒಟ್ಟಿಗೆ ಬಡ್ತಿ ಪಡೆದರಲ್ಲ, ಮರುವರ್ಷ ಎದುರುಬದುರಾದರೇ? ಆಗಿದ್ದರೆ ಈ ವಾದ ಮೈದಾನದಲ್ಲೇ ತೀರ್ಮಾನವಾಗಿರಬೇಕಲ್ಲ.

ಲೆಕ್ಕಿಗ

ಆದರು. ಲೀಗ್‌ನಲ್ಲಿ ಗುಂಪು ಬೇರೆಬೇರೆ, ಪಿಯಾಚೆಂಜಾ ಎ, ಪಾರ್ಮಾ ಬಿ. ಆದರೆ 2017ರ ಪ್ಲೇ-ಆಫ್‌ನಲ್ಲಿ ಪಾರ್ಮಾ ಎದುರಿಸಿದ ಮೊದಲ ತಂಡವೇ ಪಿಯಾಚೆಂಜಾ. ಎರಡು ಪಂದ್ಯ ಆಡಿದರು, ಮುಂದಕ್ಕೆ ಹೋದದ್ದು ಪಾರ್ಮಾ. ಅಲ್ಲಿಂದ ಇಬ್ಬರ ದಾರಿಯೂ ಬೇರೆಯಾಯಿತು. ಪಾರ್ಮಾ 2021ರಲ್ಲಿ ಮತ್ತೆ ಕೆಳಗಿಳಿದರೂ 2024ರಲ್ಲಿ ಸೀರಿ ಬಿ ಗೆದ್ದು ಸೀರಿ ಎಗೆ ಮರಳಿತು. ಪಿಯಾಚೆಂಜಾ 2023ರಲ್ಲಿ ಸೀರಿ ಡಿಗೆ ಇಳಿಯಿತು.

ಕರಾವಳಿ ಕಾರ್ನರ್

ಎರಡು ಪಂದ್ಯದ ಫಲಿತಾಂಶ 38 ಪಂದ್ಯದ ಪಟ್ಟಿಯನ್ನು ಬದಲಿಸುವುದಿಲ್ಲ. ಈಗಷ್ಟೇ ರಾಯರೇ ಹೇಳಿದ ಮಾತು ಇದು.

ಆಫ್‌ಸೈಡ್ ರಾಯರು

ಸರಿ, 96 ಎಂದು ಶೀರ್ಷಿಕೆ ಕೊಟ್ಟು ಪಿಯಾಚೆಂಜಾಕ್ಕೆ ಒಂದು ಎಳೆ ನೀವೇ ತೆರೆಯಿರಿ. ಮೊದಲ ಪ್ರತಿಕ್ರಿಯೆ ನನ್ನದು.